ಚಿನ್ನಮ್ಮನ ಬುಟ್ಟಿಯ ತಳ

ಚಿನ್ನಮ್ಮನಿಗೆ ನೂರರವರೆಗೆ ಎಣಿಸಲು ಬರುತ್ತಿತ್ತು. ಆದರೆ ಎಣಿಕೆಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ವನಗೂರಿನ ಕಡೆಯ ಒಂದು ಎಸ್ಟೇಟಿನ ಶಿಶುವಿಹಾರದಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು ಅವಳು. ಹೆಂಗಸರು ತೋಟಕ್ಕಿಳಿದ ಮೇಲೆ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳೆಲ್ಲ ಸಂಜೆಯವರೆಗೆ ಅವಳ ಕೈಯಲ್ಲಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಎಷ್ಟು ಮಕ್ಕಳು ಎಂದು ಕೇಳಿದರೆ ಅವಳು ಸಂಖ್ಯೆ ಹೇಳದೆ ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಿದ್ದಳು.

“ಹದ್ನಾಲ್ಕು ಅಂದ್ಬುಟ್ರೆ, ಇಲ್ದೇ ಇರೋದು ಯಾವ ಕೂಸು ಅಂತ ಹೆಂಗೆ ಗೊತ್ತಾಯ್ತದೆ ಸ್ವಾಮಿ?”

ಬುಟ್ಟಿ ಹೆಣೆಯುವಾಗಲೂ ಅವಳದು ಅದೇ ಲೆಕ್ಕ. ಮಕ್ಕಳು ಮಲಗಿದ ಮಧ್ಯಾಹ್ನ, ಕಾಫಿ ಮೂಟೆ ಹೊಲಿದು ಉಳಿದ ಸೆಣಬಿನ ದಾರವನ್ನು ಎರಡೆಳೆ ಜೋಡಿಸಿಕೊಂಡು, ದಪ್ಪ ಕ್ರೋಶಾ ಕಡ್ಡಿಯಲ್ಲಿ ಹೆಣೆಯಲು ಕೂರುತ್ತಿದ್ದಳು. ಬಟ್ಟೆ ಅದಲುಬದಲಾಗದಂತೆ ಒಂದೊಂದು ಮಗುವಿಗೆ ಒಂದೊಂದು ಬುಟ್ಟಿ. ನಡುವಿನ ಉಂಗುರದಲ್ಲಿ ಆರು ಕುಣಿಕೆ. ಅಲ್ಲಿಂದಾಚೆಗೆ ಪ್ರತಿ ಸುತ್ತಿನಲ್ಲೂ ಆರು ಕಡೆ, ಒಂದು ಕುಣಿಕೆಯ ಜಾಗದಲ್ಲಿ ಎರಡು ಹಾಕಿ ತಳವನ್ನು ಅಗಲಿಸಬೇಕು. ಆ ಆರು ಕಡೆ ಅವಳು, ತಾನು ಕೆಲಸಕ್ಕೆ ಸೇರಿದ ವರ್ಷ ನೋಡಿಕೊಂಡ ಆರು ಮಕ್ಕಳ ಹೆಸರು ಹೇಳುತ್ತಿದ್ದಳು: ಪುಷ್ಪಾ, ಸುರೇಂದ್ರ, ಗಂಗಾಮಣಿ, ರಂಗಸ್ವಾಮಿ, ಚಂದ್ರಿಕಾ, ಮೋಹನ. ಕೊನೆಯವನು ಅವಳ ಸ್ವಂತ ಮಗ. ಆರೂ ಹೆಸರು ಬಂದರೆ ತಳ ಚಪ್ಪಟೆಯಾಗಿ ನೆಲಕ್ಕೆ ಕೂರುತ್ತದೆ. ತಳ ಸಾಕಷ್ಟು ಅಗಲವಾದ ಮೇಲೆ ಹೆಸರು ನಿಲ್ಲಿಸಿ ಬಿಗಿಯಾಗಿ ಸುತ್ತಿನ ಮೇಲೆ ಸುತ್ತು ಹಾಕಿದರೆ ಗೋಡೆ ಏಳುತ್ತದೆ. ಲೈನಿನ ಮನೆಗಳಲ್ಲಿ ಅವಳ ಬುಟ್ಟಿಗಳು ಇವತ್ತಿಗೂ ಸೊಟ್ಟಗಾಗದೆ ನಿಂತಿವೆ. ಮಕ್ಕಳ ಬಟ್ಟೆಯಿದ್ದ ಕಡೆ ಈರುಳ್ಳಿ ಬಂದಿದೆ, ಅಷ್ಟೆ.

ಇದನ್ನೆಲ್ಲ ಸೊಸೆ ಚೈತ್ರಶ್ರೀ ಮದುವೆಯಾದ ಹೊಸತರಲ್ಲೇ ಕೇಳಿದ್ದಳು. ಹಾಸನದಲ್ಲಿ ಓದಿ ಬೆಳೆದ ಅವಳು ಯಸಳೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಕೆಲಸಕ್ಕೆ ಹೋಗಬೇಕು, ಮಗು ಇಂಚರಾ ಅಜ್ಜಿಯ ಹತ್ತಿರ ಇರಬೇಕು. ಇದು ಹೆರಿಗೆಗೂ ಮುಂಚೆಯೇ ಆಗಿದ್ದ ತೀರ್ಮಾನ.

ದಿನ ಹತ್ತಿರ ಬಂದಂತೆ ಚೈತ್ರಶ್ರೀಗೆ ಊಟ ಸೇರದಾಯಿತು. ಎರಡು ವಾರದ ಹಿಂದೆ ಅತ್ತೆ ಉರಿಯುವ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿ ಕೂತಿದ್ದಳು. ಮೊನ್ನೆ ಮಗುವಿಗೆ ಸ್ನಾನ ಮಾಡಿಸಿ ಅರ್ಧ ಗಂಟೆಯಾಗಿರಲಿಲ್ಲ, ಮತ್ತೆ ಸ್ನಾನಕ್ಕೆ ನೀರು ಕಾಯಿಸಿದ್ದಳು. ಆದರೆ ಹೇಳಿದರೆ ಕೇಳುವವರು ಯಾರು? ಮಗು ಸೀನಿದರೆ ಫೋನಿನಲ್ಲಿ ಕಾಯಿಲೆ ಹುಡುಕುವವಳು, ಬಾಟಲಿಯನ್ನು ಮೂರು ಸಲ ಕುದಿಸುವವಳು, ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವವಳು ಅವಳು. ಎಸ್ಟೇಟಿನ ಜೀಪು ಓಡಿಸುವ ಗಂಡ ಮೋಹನ ನಕ್ಕುಬಿಟ್ಟಿದ್ದ.

“ನಿಂಗೆ ಗಾಳಿ ಬೀಸಿದ್ರೂ ಡೌಟು ಮಾರಾಯ್ತಿ. ನಮ್ಮವ್ವ ಅರ್ಧ ಎಸ್ಟೇಟ್ ಸಾಕವ್ಳೆ.”

ಬುಧವಾರ ಚಿನ್ನಮ್ಮ ತಾನಾಗಿಯೇ ದಾರದ ಉಂಡೆ ತೆಗೆದಳು. “ನನ್ ಮೊಮ್ಮಗಳ ಬಟ್ಟೆಗೆ ಪ್ಲಾಸ್ಟಿಕ್ ಟಬ್ಬಾ? ಸೋಮ್ವಾರದೊಳಗೆ ಬುಟ್ಟಿ ಎದ್ದೇಳ್ತದೆ, ನೋಡ್ತಿರು.”

ಮಧ್ಯಾಹ್ನದ ಹೊತ್ತಿಗೆ ಹೆಣೆದ ತಳ ಅಂಚಿನಲ್ಲಿ ಮೇಲಕ್ಕೆದ್ದು ತೆಂಗಿನ ಚಿಪ್ಪಿನಂತೆ ಗುಂಡಗಾಗಿತ್ತು. ನೆಲದ ಮೇಲಿಟ್ಟರೆ ತೂಗಾಡುತ್ತಿತ್ತು. “ಈಗಿನ ದಾರದಾಗೆ ಜೀವ ಇಲ್ಲ ಕಣಮ್ಮ” ಎನ್ನುತ್ತಾ ಬಿಚ್ಚಿದಳು. ಗುರುವಾರ ಮತ್ತೆ ಹಾಗೆಯೇ ಆಯಿತು. ಆಗ ಕಡ್ಡಿಯನ್ನು ಬೈದಳು. ಶುಕ್ರವಾರ ಏನನ್ನೂ ಬೈಯಲಿಲ್ಲ. ಬಿಚ್ಚಿದ ದಾರವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಉಂಗುರ ಹಾಕಿದಳು.

ಚೈತ್ರಶ್ರೀ ಮಗುವಿಗೆ ಹಾಲೂಡಿಸುತ್ತಾ ಪಕ್ಕದಲ್ಲೇ ಕೂತಿದ್ದಳು. ಅತ್ತೆಯ ಬಾಯಲ್ಲಿ ಹೆಸರುಗಳು ಹೊರಡುತ್ತಿದ್ದವು. ಪುಷ್ಪಾ, ಸುರೇಂದ್ರ, ಗಂಗಾಮಣಿ, ರಂಗಸ್ವಾಮಿ, ಚಂದ್ರಿಕಾ. ಮತ್ತೆ ಪುಷ್ಪಾ. ತಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದುಕೊಂಡು ಇನ್ನೊಂದು ಸುತ್ತು ಕಾದಳು. ಐದೇ ಹೆಸರು. ಅದರ ಮುಂದಿನ ಸುತ್ತಿನಲ್ಲೂ ಐದೇ. ಪ್ರತಿ ಸುತ್ತಿನಲ್ಲೂ ಒಂದು ಕುಣಿಕೆ ಕಡಿಮೆ ಬಿದ್ದು ತಳ ಒಳಕ್ಕೆ ಮುದುಡುತ್ತಿತ್ತು. ಅತ್ತೆ ಮಗನನ್ನು ‘ಮಗ’ ಎಂದೋ ‘ಲೋ’ ಎಂದೋ ಕರೆಯುತ್ತಾಳೆ, ಹೆಸರು ಹಿಡಿದು ಕರೆದು ಎಷ್ಟು ತಿಂಗಳಾಯಿತು?

ಆ ಬೆರಳುಗಳು ನಾಲ್ಕನೆಯ ಸಲವೂ ಬಿಚ್ಚಿದವು. ಐದನೆಯ ಸಲ ಬಿಚ್ಚುವುದನ್ನು ನೋಡಲು ಅವಳಿಂದ ಆಗಲಿಲ್ಲ. ಹೊಸದಾಗಿ ಶುರುಮಾಡಿದಾಗ ಚಂದ್ರಿಕಾ ಎಂಬುದು ಮುಗಿಯುವುದನ್ನೇ ಕಾದು, “ಮೋಹನ” ಎಂದಳು.

“ಹ್ಞೂ, ಮೋಹನ” ಎಂದು ಚಿನ್ನಮ್ಮ ಕುಣಿಕೆ ಹಾಕಿದಳು. ಪಾಠ ಒಪ್ಪಿಸುವ ಮಕ್ಕಳ ದನಿ. ಮುಂದಿನ ಸುತ್ತಿನಿಂದ ಅವಳೇ ಚಂದ್ರಿಕಾಳ ಹತ್ತಿರ ನಿಂತು ಸೊಸೆಯ ಮುಖ ನೋಡತೊಡಗಿದಳು.

ಭಾನುವಾರ ಬೆಳಿಗ್ಗೆ ಬುಟ್ಟಿ ಎದ್ದು ನಿಂತಿತು. ಮೋಹನ ಅದರಲ್ಲಿ ಎರಡು ತೆಂಗಿನಕಾಯಿ ಹಾಕಿ ಅಲ್ಲಾಡಿಸಿ ನೋಡಿದ. “ಕಬ್ಬಿಣ ಇದ್ದಂಗೈತೆ. ಈ ಕೈ ನೋಡೂ ನಿಂಗೆ ಭಯಾನಾ? ನಾಳೆ ನೆಮ್ಮದಿಯಾಗಿ ಡ್ಯೂಟಿಗೆ ಹೋಗು.”

ಚೈತ್ರಶ್ರೀ ಅವನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದಳು. “ರೀ, ಅದು ಅವ್ರು ಒಬ್ರೇ ಹೆಣೆದಿದ್ದಲ್ಲ. ನಾನು ಹೇಳಿಕೊಟ್ಟೆ. ಅತ್ತೆಗೆ ಹೆಸ್ರು ಮರ್ತುಹೋಗ್ತಿದೆ. ಒಂದ್ಸಲ ಡಾಕ್ಟ್ರಿಗೆ ತೋರಿಸೋಣ.”

“ಯಾವ ಹೆಸ್ರು?”

ಅವನು ಕೈಯಲ್ಲಿ ಬಾಳೆಹಣ್ಣು ಹಿಡಿದು, ಸಿಪ್ಪೆ ಅರ್ಧ ಸುಲಿದು ನಿಂತಿದ್ದ. ಅವಳು ಆ ಮುಖ ನೋಡಿದಳು.

“ಗಂಗಾಮಣಿ” ಎಂದಳು.

“ಅಯ್ಯೋ, ಗಂಗಾಮಣಿ ಮದ್ವೆಯಾಗಿ ಆಲೂರಿಗೆ ಹೋಗಿ ಎಷ್ಟು ವರ್ಷ ಆಯ್ತು. ನಂಗೇ ನೆನಪಿಲ್ಲ. ಅದ್ಕೆಲ್ಲ ಡಾಕ್ಟ್ರ ಹತ್ರ ಹೋಗ್ತಾರಾ?” ಅವನು ನಗುತ್ತಾ ಹೊರಗೆ ಹೋದ.

ತನ್ನ ಮಾತಿಗೆ ತಾನೇ ಕಲ್ಲು ಹಾಕಿಕೊಂಡೆ ಎಂದು ಅವಳಿಗೆ ಗೊತ್ತಾಯಿತು. ನಿಜ ಹೇಳಲು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದಳು. ಮಧ್ಯಾಹ್ನ ಸೀರೆಗೆ ಇಸ್ತ್ರಿ ಹಾಕಿದಳು. ಹೆಸರು ಮರೆತರೇನು, ಮಗುವನ್ನು ಎತ್ತಿಕೊಳ್ಳಲು ಹೆಸರು ಬೇಕೆ, ಅಕ್ಕಪಕ್ಕದವರು ಇಲ್ಲವೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಚಿನ್ನಮ್ಮ ಮೊಮ್ಮಗಳ ಬಟ್ಟೆ ಮಡಿಚಿ ಬುಟ್ಟಿಗೆ ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಚೈತ್ರ, ಕೊನೇದು ಒಂದು ಹೆಸ್ರು ಹೇಳಿಕೊಡ್ತಿದ್ದಲ್ಲ. ಅದು ಯಾರ್ ಕೂಸು?”

ಕೇಳಿದವಳೇ ಚಿನ್ನಮ್ಮ ಬಾಗಿಲಾಚೆಯ ಬೆಳಕು ನೋಡಿದಳು.

“ಕತ್ಲಾಗ್ತಾ ಐತೆ. ಅವರವ್ವ ಬಂದು ಕರ್ಕೊಂಡು ಹೋದ್ಲಾ?”

“ಬಂದ್ರು ಅತ್ತೆ” ಎಂದಳು ಸೊಸೆ. “ಕರ್ಕೊಂಡು ಹೋದ್ರು.”

“ಹಂಗಾದ್ರೆ ಸರಿ” ಎಂದು ಚಿನ್ನಮ್ಮ ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು.

ಚೈತ್ರಶ್ರೀ ಹಿತ್ತಲಿಗೆ ಹೋಗಿ ಹೆಡ್‌ಮಿಸ್‌ಗೆ ಫೋನ್ ಮಾಡಿದಳು. ಮಗುವನ್ನು ಬಿಟ್ಟಿರಲು ತನ್ನಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಮೋಹನನಿಗೂ ಅದನ್ನೇ ಹೇಳಿದಳು. ರಾತ್ರಿ ಊಟಕ್ಕೆ ಕೂತಿದ್ದ ಅವನು ತಟ್ಟೆ ಬಿಟ್ಟು ಎದ್ದ.

ಸೋಮವಾರ ಎಂಟರ ಬಸ್ಸು ಹೋಯಿತು. ಚಿನ್ನಮ್ಮ ಜಗಲಿಯ ಮೇಲೆ ಕೂತಿದ್ದಳು. ಮಗು ಕೈ ಚಾಚಿದರೂ ಎತ್ತಿಕೊಳ್ಳಲಿಲ್ಲ.

“ಇಪ್ಪತ್ತಾರು ವರ್ಷ ಕಂಡೋರ ಮಕ್ಳ ನೋಡ್ದೆ. ಒಂದಕ್ಕೂ ಗೀರು ಆಗ್ಲಿಲ್ಲ.”

“ಗೊತ್ತು ಅತ್ತೆ.”

“ಗೊತ್ತಿದ್ದೂ ಹಿಂಗ್ ಮಾಡ್ದಲ್ಲ.”

“ನಂಗೇ ಮಗು ಬಿಟ್ಟಿರೋಕೆ ಆಗಲ್ಲ ಅತ್ತೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ.”

ಚಿನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಪಕ್ಕದ ಮನೆಯ ಭದ್ರಮ್ಮನ ಹತ್ತಿರ ಹೋದಳು. ಬೇಲಿಯಾಚೆಯಿಂದ ಭದ್ರಮ್ಮನ ಮಾತು ಕೇಳಿಸಿತು. “ಓದ್ದೋರೇ ಹಂಗೆ ಬುಡು ಚಿನ್ನಮ್ಮ. ಸ್ವಂತ ಅತ್ತೇನೂ ನಂಬಕಿಲ್ಲ.”

ಚೈತ್ರಶ್ರೀ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹಾಸನದ ಆಸ್ಪತ್ರೆಯಲ್ಲಿ ಮರೆವಿನ ಡಾಕ್ಟರು ಯಾವ ದಿನ ಸಿಗುತ್ತಾರೆಂದು ಫೋನಿನಲ್ಲಿ ಹುಡುಕಿದಳು. ಗುರುವಾರ ಎಂದಿತ್ತು. ಮಗುವಿನ ಚುಚ್ಚುಮದ್ದಿಗೆ ಎಂದು ಹೇಳಿದರೆ ಅತ್ತೆ ಜೊತೆಗೆ ಬಂದೇ ಬರುತ್ತಾಳೆ. ಮೋಹನನಿಗೆ ಏನು ಹೇಳಬೇಕೆಂಬುದು ಮಾತ್ರ ಅವಳಿಗೆ ಇನ್ನೂ ಹೊಳೆದಿರಲಿಲ್ಲ.