ಗೋಡೆಯಾಚೆಯ ಪೆಪ್ಪರಮೆಂಟು

ಬುಕ್ಕಸಾಗರದ ಗದ್ದೆ ಬಯಲಲ್ಲಿ ಬೆಳೆದ ಎರ್ರೆಮ್ಮ ಗಾದಿಗನೂರಿಗೆ ಸೊಸೆಯಾಗಿ ಬಂದವಳು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಗಣಿಯವರ ಯಾರ್ಡಿನಲ್ಲಿ ಕಬ್ಬಿಣದ ಅದಿರು ಜರಡಿ ಹಿಡಿದು ಮೈಯೆಲ್ಲ ಕೆಂಪಾಗಿ ಬರುವಾಗಲೂ ಎದುರು ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದಳು, ಪಕ್ಕದ ಮನೆಯ ಭೀಮವ್ವನೊಬ್ಬಳನ್ನು ಬಿಟ್ಟು.

ಒಂದು ಕಾಲಕ್ಕೆ ಇಬ್ಬರೂ ಒಂದೇ ಒರಳಲ್ಲಿ ಖಾರ ಕುಟ್ಟಿದವರು. ಅದಿರಿನ ಲಾರಿಗಳು ಹೆಚ್ಚಾದ ವರ್ಷ ಭೀಮವ್ವ ತನ್ನ ಖಾಲಿ ಕಣವನ್ನು ಲಾರಿ ನಿಲ್ಲಿಸಲು ಕೊಟ್ಟಳು. ಎರ್ರೆಮ್ಮ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಅದಿರಿನ ದೂಳು ಕೂತಿತು. ಕೆಂಪಿನ ಮೇಲೆ ಕೆಂಪು; ಸಾರು ಉಣ್ಣುವಾಗ ಹಲ್ಲಿನಡಿ ಕರಕರ ಎಂದಾಗಲೇ ಗೊತ್ತಾದದ್ದು. ಜಗಳವಾಯಿತು, ಮಾತು ನಿಂತಿತು.

2006ರ ಬೇಸಿಗೆಯಲ್ಲಿ ಹೊಸಪೇಟೆಯ ಅಕ್ಕಿಗಿರಣಿ ಮನೆತನದ ಸ್ಫೂರ್ತಿ ಆ ಊರಿಗೆ ಬಂದಳು. ಮನಃಶಾಸ್ತ್ರ ಓದುತ್ತಿದ್ದ ಹುಡುಗಿ. ರಜೆಯಲ್ಲಿ ಖಾಲಿಯಿದ್ದ ಶಾಲೆಯ ಕೋಣೆಗಳಲ್ಲಿ ಪ್ರಯೋಗ ಹೂಡಿ, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸುತ್ತಿದ್ದಳು. ಎರ್ರೆಮ್ಮನ ಮುಂದೆ ಬಿಳಿ ಗುಂಡಿ, ಕರಿ ಗುಂಡಿ ಇದ್ದ ಪೆಟ್ಟಿಗೆ, ಅದರಡಿ ಒಂದು ಬಟ್ಟಲು ಇಟ್ಟಳು.

"ಯಾವ್ದಾರ ಒತ್ರಿ ಅಮ್ಮಾ. ಒಮ್ಮೊಮ್ಮೆ ಪೆಪ್ಪರಮೆಂಟು ಬೀಳ್ತಾವ, ಒಮ್ಮೊಮ್ಮೆ ಹಾರ್ನ್ ಬಡಕೊಳ್ತೈತಿ. ಪೆಪ್ಪರಮೆಂಟು ನಿಮಗ."

ಹಾರ್ನ್ ಬಂದರೆ ಎರ್ರೆಮ್ಮ ಗುಂಡಿ ಬದಲಿಸಿದಳು, ಪೆಪ್ಪರಮೆಂಟು ಬಿದ್ದರೆ ಅದನ್ನೇ ಒತ್ತಿದಳು. ಸ್ವಲ್ಪ ಹೊತ್ತಿಗೆಲ್ಲ ಹಾರ್ನಿನ ಸದ್ದಡಗಿ ಬರೀ ಪೆಪ್ಪರಮೆಂಟು ಬೀಳತೊಡಗಿದವು. "ಶಾಣ್ಯಾ ಐತಿ ಮಷೀನು" ಎಂದುಕೊಂಡಳು.

ಆಗ ಗೋಡೆಯಾಚೆ ಯಾರೋ ಕೆಮ್ಮಿದರು. ಕೆಮ್ಮಿನ ಕೊನೆಗೆ, "ಶಿವನೇ ತಂದಿ."

ಭೀಮವ್ವ. ಎರ್ರೆಮ್ಮನ ಕೈ ನಿಂತಿತು. ಕಿವಿಗೊಟ್ಟು ಬಿಳಿ ಗುಂಡಿ ಒತ್ತಿದಳು. ಆಚೆ ಬಟ್ಟಲಲ್ಲಿ ಟಣ್ ಎಂದಿತು. ತಾನು ಒತ್ತಿದ್ದು ಅಲ್ಲಿ ಬೀಳುತ್ತದೆ. ಹಾಗಾದರೆ ಇಲ್ಲಿ ಬಿದ್ದದ್ದೆಲ್ಲ ಭೀಮವ್ವನ ಕೈಯಿಂದ ಬಂದದ್ದು.

ಮೊದಲು ಸಿಟ್ಟೇ ಬಂತು. ಕರಿ ಗುಂಡಿ ಬಲವಾಗಿ ಒತ್ತಿದಳು. ಆಚೆ ಹಾರ್ನ್ ಬಡಿದುಕೊಂಡಿತು. "ಏನ್ ಬಂತಪ ಇದಕ್ಕ" ಎಂದು ಭೀಮವ್ವ ಗೊಣಗಿದಳು. ಮರುಕ್ಷಣ ಎರ್ರೆಮ್ಮನ ಕಿವಿಯ ಬಳಿಯೇ ಹಾರ್ನ್. ಎರ್ರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟು ದಿನವಾಗಿತ್ತು ಆ ಗೊಣಗಾಟ ಕೇಳಿ. ಬಿಳಿ ಗುಂಡಿಗೆ ಕೈ ಹಾಕಿದವಳು ಪೆಟ್ಟಿಗೆಯೊಳಗಿನ ಪೆಪ್ಪರಮೆಂಟು ಖಾಲಿಯೆಂದು ಸ್ಫೂರ್ತಿ ಹೇಳುವವರೆಗೂ ತೆಗೆಯಲಿಲ್ಲ.

"ಆಚಿ ಕಡೆ ಇರಾಕಿ ನಮ್ಮ ಭೀಮವ್ವ" ಎಂದಳು ಎರ್ರೆಮ್ಮ. "ಕೆಮ್ಮಿದ್ದು ಕೇಳ್ತು."

ಸ್ಫೂರ್ತಿಯ ಮುಖ ಇಳಿಯಿತು. "ಅಲ್ಲಿ ಒಬ್ಬರು ಅದಾರ ಅನ್ನೋದ ಗೊತ್ತಾಗಬಾರ್ದಿತ್ತು. ನಿಮ್ಮಿಬ್ಬರದೂ ಲೆಕ್ಕಕ್ಕ ಹಿಡೀದ ಬಿಟ್ಟುಬಿಡಬೇಕಾಗ್ತೈತಿ."

ಹೊರಗೆ ಬೇವಿನ ನೆರಳಲ್ಲಿ ಭೀಮವ್ವ ಸೆರಗಿನ ತುಂಬ ಪೆಪ್ಪರಮೆಂಟು ಕಟ್ಟಿಕೊಂಡು ನಿಂತಿದ್ದಳು. ಎರ್ರೆಮ್ಮ ಹತ್ತಿರ ಹೋಗಿ, "ಅವು ನಾ ಕೊಟ್ಟಿದ್ದು. ನನ್ನ ಹತ್ರ ಇರೋವು ನೀ ಕೊಟ್ಟಿದ್ದು" ಎಂದಳು.

ಭೀಮವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಹಂಗಾರ ಕಡೀಕ ಬಂದ ಹಾರ್ನ್?"

"ಅದೂ ನಾನ. ಬೇಕಂತ ಒತ್ತಿದೆ."

ಭೀಮವ್ವ ನೆಲ ನೋಡಿದಳು. "ಒತ್ತಬೇಕಾಗಿತ್ತು ಬಿಡು. ಲಾರಿ ಆ ಮಗ್ಗಲಿಗೆ ನಿಲ್ಲಿಸ್ರಿ ಅಂತ ನಾ ಅವತ್ತ ಹೇಳಬಹುದಿತ್ತು. ಹೇಳಲಿಲ್ಲ."

ಮರುದಿನ ಲಾರಿಯವರಿಗೆ ಹೇಳಿದಳು, ಲಾರಿಗಳು ರಸ್ತೆಯ ಮಗ್ಗಲಿಗೆ ಸರಿದವು. ಅಂದು ಸಂಜೆಯೇ ಇಬ್ಬರೂ, ಪ್ರಯೋಗ ಕೆಟ್ಟು ಸಪ್ಪಗಿದ್ದ ಸ್ಫೂರ್ತಿಯನ್ನು ಭೀಮವ್ವನ ಮನೆಗೆ ಕರೆದೊಯ್ದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದರು. ಒಬ್ಬಳು ಎಣ್ಣೆಗೆ ಬಿಡುವುದು, ಒಬ್ಬಳು ತೆಗೆಯುವುದು. ಮಾತು ಮಾತ್ರ ಇಬ್ಬರದೂ ಒಟ್ಟೊಟ್ಟಿಗೆ.

"ಇನ್ನೊಂದ್ ಹಾಕ್ಕೋ ತಂಗಿ" ಎಂದಳು ಭೀಮವ್ವ. ಹುಡುಗಿ ಬ್ಯಾಡ ಎನ್ನುವ ಮೊದಲೇ ಎರ್ರೆಮ್ಮ ತಟ್ಟೆಗೆ ಎರಡು ಹಾಕಿದ್ದಳು.