ಸಗಣಿ ಸಾರಿಸಿದ ಕೋರ್ಟು

೧೯೮೬ರ ಡಿಸೆಂಬರ್, ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದಿನ ಮಣ್ಣಿನ ಟೆನಿಸ್ ಕೋರ್ಟು. ಹಾಜರಿದ್ದವರು ನಾನು, ನನ್ನ ಅತ್ತಿಗೆ, ರೇಷ್ಮೆ ನೂಲು ತೆಗೆಯುವ ಫಿಲೇಚರ್ ನಡೆಸುತ್ತಿದ್ದ ಪಕ್ಕದ ಮನೆಯ ಸಾಹೇಬರು.

ಚಿಂತಾಮಣಿಯ ಕಾಲೇಜಿನ ಪರ ಆಡಿ, ವಿಶ್ವವಿದ್ಯಾಲಯದ ತಂಡಕ್ಕೂ ಹೋಗಿಬಂದು, ಆಗ ನಾನು ವೃತ್ತಿಪರ ಆಟಗಾರನಾಗಿದ್ದೆ. ಎಂದರೆ ರೈಲಿನಲ್ಲಿ ನಿಂತು ದೂರದ ಊರಿಗೆ ಹೋಗುವುದು, ಅರ್ಹತಾ ಸುತ್ತಿನಲ್ಲಿ ಸೋಲುವುದು, ಮತ್ತೆ ನಿಂತು ಬರುವುದು. ಮುಖ್ಯ ಸುತ್ತಿಗೆ ನನಗಿದ್ದ ದಾರಿ ಡಬಲ್ಸ್ ಒಂದೇ. ಅದಕ್ಕೆ ನನಗಿಂತ ಮೇಲಿನ ರ್‍ಯಾಂಕಿನವನೊಬ್ಬ ಜೊತೆಗಾರನಾಗಬೇಕು. ಸಾಹೇಬರಿಂದ ನೂಲು ಕೊಳ್ಳುತ್ತಿದ್ದ ಬೆಂಗಳೂರಿನ ವ್ಯಾಪಾರಿಯ ಮಗ ಅಂಥ ಆಟಗಾರ. ತಂದೆಯೊಡನೆ ಅಂದು ಬರುವವನಿದ್ದ. ನನ್ನ ಆಟ ನೋಡಿ ಒಪ್ಪಿದರೆ ಸರಿ. ಇಲ್ಲವಾದರೆ ಸೋಮವಾರದಿಂದ ಗೌರಿಬಿದನೂರಿನ ಬಳಿ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ. ಅಣ್ಣ ಮಾತಾಡಿ ಇಟ್ಟಿದ್ದ.

ಸುಣ್ಣದ ಪುಡಿ ಹಿಡಿದು ಗೆರೆ ಎಳೆಯಲು ಹೋದವನು ಅಲ್ಲೇ ನಿಂತೆ. ಇಡೀ ಕೋರ್ಟಿಗೆ ಸಗಣಿ ಸಾರಿಸಿತ್ತು. ನೆಟ್ಟಿನ ಎರಡೂ ಕಡೆ ದೊಡ್ಡ ದೊಡ್ಡ ಕಮಲದ ರಂಗೋಲಿ.

"ಏನತ್ತಿಗೆ ಇದು?"

"ಮನೆಗೆ ದೊಡ್ಡೋರು ಬರ್ತಾರೆ ಅಂದ್ಯಲ್ಲಪ್ಪ. ಧೂಳಲ್ಲಿ ಬರಮಾಡ್ಕೊಳಕ್ಕಾಗ್ತದಾ?"

"ಆಡೋ ಜಾಗ ಕಣತ್ತಿಗೆ ಇದು!"

"ಆಡು, ಯಾರು ಬೇಡ ಅಂದ್ರು? ಸೊಂಟ ಬಿದ್ದೋಯ್ತು ನಂಗೆ, ಒಳ್ಳೆ ಮಾತೊಂದಿಲ್ಲ."

ಸಾಹೇಬರು ನಕ್ಕೂ ನಕ್ಕೂ ಕೆಮ್ಮಿದರು. "ಅರೆ, ಒಂದು ಚಪ್ಪರಾನೂ ಹಾಕ್ಬಿಡಮ್ಮ, ಮದುವೇನೂ ಮುಗಿಸ್ಬಿಡೋಣ!"

ರಂಗೋಲಿಯ ಮೇಲೆಯೇ ಸುಣ್ಣದ ಗೆರೆ ಎಳೆದೆ. ಎಂಟಕ್ಕೆ ಕಾರು ಬಂತು. ವ್ಯಾಪಾರಿಯ ಮಗ ಶೂ ಕೈಯಲ್ಲಿ ಹಿಡಿದು ಅಂಚಿನಲ್ಲೇ ನಿಂತ. "ಇದನ್ನ ತುಳಿಯೋದು ಹೇಗೆ?"

"ತುಳಿಯಪ್ಪ. ಬಾಗಿಲ ಮುಂದಿನದನ್ನ ದಿನಾ ತುಳಿಯಲ್ವಾ?" ಎಂದರು ಅತ್ತಿಗೆ.

ಬಿಸಿಲು ಬಿದ್ದ ಕಡೆ ನೆಲ ಒಣಗಿ ಗಟ್ಟಿಯಾಗಿತ್ತು. ಆದರೆ ನನ್ನ ಕಡೆಯ ಹಿಂಬದಿಯ ಗೆರೆ, ಬೇಸ್‌ಲೈನ್, ಹೊಂಗೆ ಮರದ ನೆರಳಿನಲ್ಲಿ ಇನ್ನೂ ಹಸಿ. ಅದೇ ನನ್ನ ಖಾಯಂ ಜಾಗ. ಅಲ್ಲೇ ನಿಂತು ಚೆಂಡು ವಾಪಸು ಮಾಡುವುದು ನನ್ನ ಆಟ. ಮೊದಲ ಗೇಮಿನಲ್ಲೇ ಎರಡು ಸಲ ಜಾರಿ ಕೂತೆ. ಬದಿ ಬದಲಿಸೋಣವೆಂದು ಕೇಳಲು ಸಂಕೋಚ. ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಅವನು ದೂರಿರಲಿಲ್ಲ. ಬೇರೆ ದಾರಿ ಇಲ್ಲದೆ, ಸರ್ವ್ ಮಾಡಿದ ಕೂಡಲೇ ಒಣ ನೆಲವಿದ್ದ ನೆಟ್ಟಿನ ಬಳಿಗೆ ಓಡತೊಡಗಿದೆ. ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದು, ಬಾಗುವುದು, ಹಾರುವುದು. ಬದಿ ಬದಲಾದ ಮೇಲೂ ಕಾಲು ಅದೇ ಅಭ್ಯಾಸ ಹಿಡಿದಿತ್ತು.

"ಸರ್, ಇದು ಗೆರೆನಾ, ದಳಾನಾ?" ಎಂದು ಅವನು ಕೇಳಿದಾಗ ಅಂಪೈರಾಗಿ ಕುಳಿತ ಸಾಹೇಬರು, "ಹೂವಲ್ಲಿ ಬಿದ್ರೆ ಒಳಗೆ, ಎಲೇಲಿ ಬಿದ್ರೆ ಹೊರಗೆ. ಸುಮ್ನೆ ಆಡಯ್ಯ" ಎಂದರು.

ನಾಲ್ಕು–ಆರರಲ್ಲಿ ಸೋತೆ. ಉಗ್ರಾಣವೇ ಗತಿ ಎಂದುಕೊಂಡು ಕೈ ಕುಲುಕಿದೆ. ಅವನು ಕೈ ಬಿಡಲಿಲ್ಲ.

"ನೀವು ಬೇಸ್‌ಲೈನ್ ಬಿಟ್ಟು ಮುಂದೆ ಬರಲ್ಲ ಅಂತ ಎಲ್ರೂ ಹೇಳಿದ್ರು. ನಂಗೆ ಬೇಕಾಗಿರೋದೇ ನೆಟ್ ಹತ್ರ ನಿಲ್ಲೋನು. ಜನವರಿಗೆ ರೆಡಿ ಇರಿ."

ಸಗಣಿಯ ವಿಷಯ ನಾನು ಎತ್ತಲಿಲ್ಲ. ಮುಂದೆ ಐದು ವರ್ಷ ನಾವಿಬ್ಬರೂ ಜೊತೆಯಾಗಿ ಆಡಿದೆವು. ಹೆಚ್ಚಿನ ಕಡೆ ಮೊದಲ ಸುತ್ತಿನಲ್ಲೇ ಸೋತೆವು. ಆದರೂ ಸೋತದ್ದು ಅರ್ಹತಾ ಸುತ್ತಿನಲ್ಲಲ್ಲ, ಮುಖ್ಯ ಸುತ್ತಿನಲ್ಲಿ. ಅದರ ಸುಖವೇ ಬೇರೆ.

ಅಂದು ಅತ್ತಿಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದರು. ಕಾರು ಹೊರಟ ಮೇಲೆ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಬದಲಿಸಿ, ಗೌರಿಬಿದನೂರಿನಲ್ಲಿ ಕಾರ್ಖಾನೆಯ ಮ್ಯಾನೇಜರರ ಮನೆ ಬಾಗಿಲಲ್ಲಿ ನಿಂತೆ.

"ನಾಳೆಯಿಂದ ಬರಕ್ಕಾಗಲ್ಲ ಸಾರ್. ಟೆನಿಸ್ ಆಡ್ಬೇಕು."

"ಅದ್ರಲ್ಲಿ ಪಿಂಚಣಿ ಐತೇನಪ್ಪ?"

"ಇಲ್ಲ ಸಾರ್."

"ಸರಿ, ಆಡ್ಕೊ ಹೋಗು. ಕಾಫಿ ಕುಡ್ಕೊಂಡು ಹೋಗು."

ಸಂಜೆ ಮನೆ ಸೇರಿ ಅಣ್ಣನಿಗೆ ವಿಷಯ ತಿಳಿಸಿ, ಬೈಸಿಕೊಂಡು, ಬಾವಿಕಟ್ಟೆಯಲ್ಲಿ ಕುಳಿತು ಶೂಗಳ ತಳವನ್ನು ಕಡ್ಡಿಯಿಂದ ಕೆರೆದು ತೊಳೆದೆ. ಗೋಡೆಗೆ ಆನಿಸಿಟ್ಟು ಒಳಗೆ ಹೋದೆ.