ಕೈ ಚಾಚಿ ಹಿಡಿದ ಗುಂಡಿ

ಗುಮಾಸ್ತರು ಮೊದಲ ಸಲ ಹೊಲಿಗೆಯಾಕೆಯ ಮುಂದೆ ಬಂದು ನಿಂತದ್ದು ಗುಂಡಿ ಕೇಳಿಕೊಂಡು. ಆ ಸರ್ಕಾರಿ ಕಟ್ಟಡದ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟು ಇಡುತ್ತಿದ್ದ ಸಂದಿಯಲ್ಲಿ, ಗಂಡ ತೀರಿಕೊಂಡ ಮೇಲೆ ಆಕೆ ಯಂತ್ರ ಹಾಕಿಕೊಂಡು ಕೂತಿದ್ದಳು. ಮೇಲಿನ ಕಚೇರಿಗಳವರು ಹರಿದ ಜೇಬು, ಬಿಟ್ಟ ಹೊಲಿಗೆ ಅಂತ ಬರುತ್ತಿದ್ದರು. ಇವರ ಕೈಯಲ್ಲಿ ಹರಿದದ್ದು ಏನೂ ಇರಲಿಲ್ಲ.

"ಅಕ್ಕಾ, ಗುಂಡಿ ಬೇಕಿತ್ತು. ಎಲ್ಲಾ ಅಳತೆಯವೂ. ಒಂದೊಂದೇ ಸಾಕು."

"ಒಂದೊಂದು ಗುಂಡಿ ಒಂದೊಂದು ಥರ ಇರೋ ಅಂಗಿ ಯಾರಿಗೆ ಸ್ವಾಮಿ? ಸರ್ಕಸ್ಸಿನೋರಿಗಾ?"

ಅವರು ನಗಲಿಲ್ಲ. "ಆಕಾಶಕ್ಕೆ" ಅಂದರು.

ನೋಡೋಕೆ ಚೆನ್ನಾಗೇ ಇದ್ದಾನೆ, ಪಾಪ, ಎಂದುಕೊಂಡು ಆಕೆ ಡಬ್ಬ ಮುಂದಕ್ಕೆ ತಳ್ಳಿದಳು. ಮಗುವಿನ ಅಂಗಿಯ ಗುಂಡಿಯಿಂದ ಹಿಡಿದು ಚಳಿಕೋಟಿನ ಗುಂಡಿಯವರೆಗೆ ಅವರು ಆರಿಸಿಕೊಂಡರು. ಒಂದೊಂದನ್ನೂ ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಎದುರು ಗೋಡೆಯ ಗಡಿಯಾರದ ಮೇಲಿಟ್ಟು ನೋಡಿದರು.

ಅವರ ಕಚೇರಿ ಮೂರನೇ ಮಹಡಿಯಲ್ಲಿತ್ತು. ಗುರುತು ಸಿಗದ ಹಾರುವ ವಸ್ತುಗಳ ವಿಚಾರಣೆ ಅಂತ ಬಾಗಿಲಿಗೆ ಹಲಗೆ ಹಾಕಿದ್ದರು. ಜನ ಅದನ್ನು ತಟ್ಟೆ ಕಚೇರಿ ಎನ್ನುತ್ತಿದ್ದರು. ಆಕಾಶದಲ್ಲಿ ಏನೋ ಕಂಡೆ ಅಂತ ಯಾರಾದರೂ ತಿಳಿಸಿದರೆ ಅವರನ್ನು ಕರೆಸಿ, ಕೇಳಿ, ಬರೆದು, ಅದು ಏನೆಂದು ಹುಡುಕುವುದು ಗುಮಾಸ್ತರ ಕೆಲಸ. ಎಷ್ಟು ದೊಡ್ಡದಿತ್ತು ಎಂದರೆ ಒಬ್ಬ ಬಸ್ಸಿನಷ್ಟು ಎನ್ನುತ್ತಾನೆ, ಇನ್ನೊಬ್ಬ ತಟ್ಟೆಯಷ್ಟು ಎನ್ನುತ್ತಾನೆ. ಎಷ್ಟು ದೂರದ ಬಸ್ಸು, ಯಾವ ಮನೆಯ ತಟ್ಟೆ? ಅದಕ್ಕೇ ಗುಂಡಿ. ಕೈ ಪೂರ್ತಿ ಚಾಚಿ ಹಿಡಿದರೆ ಯಾವ ಗುಂಡಿಯ ಹಿಂದೆ ಅದು ಸರಿಯಾಗಿ ಅಡಗುತ್ತಿತ್ತು, ಅಷ್ಟು ಹೇಳಿದರೆ ಸಾಕು.

ಬಹಳಷ್ಟು ವಿಷಯ ಕೊನೆಗೆ ಬಲೂನೋ, ವಿಮಾನವೋ, ಬೆಳಗಿನ ಚುಕ್ಕಿಯೋ ಆಗುತ್ತಿತ್ತು. ಆಗ ಗುಮಾಸ್ತರಿಗೆ ಖುಷಿ. "ಸಿಕ್ಕಿಬಿಟ್ಟ ಅಕ್ಕಾ, ಶುಕ್ರ!" ಅಂತ ಕಳ್ಳನನ್ನು ಹಿಡಿದವರ ಹಾಗೆ ಮೆಟ್ಟಿಲಿಳಿದು ಬಂದು ಹೇಳುತ್ತಿದ್ದರು. ಸಿಗದೆ ಉಳಿದವಕ್ಕೆ ಅವರದೇ ಒಂದು ಪದ್ಧತಿ. ಸಾಕ್ಷಿ ಆರಿಸಿದ ಅಳತೆಯ ಗುಂಡಿಯನ್ನು ಕಡತದ ರಟ್ಟಿಗೇ ಹೊಲಿಸುತ್ತಿದ್ದರು. ರಟ್ಟು ಚುಚ್ಚಲು ಆಕೆಯ ಹತ್ತಿರ ಗೋಣಿ ಹೊಲಿಯುವ ಸೂಜಿ ಇತ್ತು. ಹೀಗೆ ಅವರಿಗೆ ಗುಂಡಿ ಸಾಹೇಬರು ಅಂತ ಹೆಸರು ಬಿತ್ತು. ಹೆಸರಿಟ್ಟವಳು ಆಕೆಯೇ.

ಇನ್ನೊಂದು ಪದ್ಧತಿಯೂ ಇತ್ತು. ಕೇಳುವಾಗ ಅವರು ಸಾಕ್ಷಿಯ ಕಡೆ ನೋಡುತ್ತಿರಲಿಲ್ಲ. ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತು, ಬೆನ್ನು ತೋರಿಸಿಯೇ ಬರೆದುಕೊಳ್ಳುತ್ತಿದ್ದರು.

"ಇದೇನು ಸ್ವಾಮಿ, ಮುನಿಸಿಕೊಂಡ ಅಳಿಯನ ಥರ?" ಅಂತ ಆಕೆ ಒಮ್ಮೆ ಕೇಳಿದ್ದಳು.

"ನನ್ನ ಮುಖದಲ್ಲಿ ನಗು ಕಂಡ್ರೆ ಅವ್ರು ಚಿಕ್ಕದು ಅಂತಾರೆ. ಹುಬ್ಬು ಮೇಲೆ ಹೋದ್ರೆ ದೊಡ್ಡದು ಅಂತಾರೆ. ಮುಖಾನೇ ಕಾಣದಿದ್ರೆ ಕಂಡಿದ್ದನ್ನೇ ಹೇಳ್ತಾರೆ ಅಕ್ಕಾ."

ಅವರಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಊಟದ ಡಬ್ಬಿಯನ್ನು ಮೆಟ್ಟಿಲ ಮೇಲೆ ಕೂತು ಬಿಚ್ಚುತ್ತಿದ್ದರು. ಒಂದೇ ಕೋಟು. ಅದರ ತೋಳಿನ ಅಂಚನ್ನು ಆಕೆ ಎಷ್ಟು ಸಲ ಮಡಿಸಿ ಹೊಲಿದಳೋ, ಕೊನೆಕೊನೆಗೆ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಅವರು ಅದನ್ನು ಗಮನಿಸಿದಂತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಆಮೇಲೆ ಸರ್ಕಾರ ಕಡತಗಳನ್ನೆಲ್ಲ ಸಾರ್ವಜನಿಕರಿಗೆ ತೆರೆದಿಡಬೇಕೆಂದು ಆದೇಶ ಮಾಡಿತು. ಹೊಸ ಮೇಲಧಿಕಾರಿ ಗುಂಡಿ ಹೊಲಿದ ಕಡತಗಳನ್ನೇ ಮೊದಲು ತರಿಸಿಕೊಂಡರು.

"ಗೊತ್ತಾಗಿಲ್ಲ, ಗೊತ್ತಾಗಿಲ್ಲ ಅಂತ ಬರೆದಿಟ್ಟಿದೀರಲ್ರೀ. ಜನ ಓದಿ ಉಗೀತಾರೆ. ಕಾರಣ ಇರೋದಕ್ಕೆಲ್ಲ ಕಾರಣ ಬರೀರಿ."

ಅವರು ಮೊದಲು ಬೆರಳಿಟ್ಟದ್ದು ಹಾಲಿನ ಗಾಡಿಯವನ ಕಡತದ ಮೇಲೆ. ಆತ ಸಂಜೆ ಖಾಲಿ ಕ್ಯಾನುಗಳೊಂದಿಗೆ ಬರುವಾಗ ಬೆಳಕೊಂದು ಗಾಡಿಯ ಜೊತೆಜೊತೆಗೇ ಬಂದಿತ್ತು. ಹೆದರಿ ಗಾಡಿಯನ್ನು ಮೋರಿಗಿಳಿಸಿದ್ದ. ಕುಡಿದಿದ್ದ ಎಂದು ಮಾಲೀಕರು ಗಾಡಿ ಕಿತ್ತುಕೊಂಡು ಅವನನ್ನು ಕ್ಯಾನು ತೊಳೆಯಲು ಹಾಕಿದ್ದರು. ಕುಡಿತದ ವಾಸನೆಯೇ ಗೊತ್ತಿಲ್ಲದ ಮನುಷ್ಯ. ಮಗಳ ಮನೆಯಲ್ಲೂ ಅವನಿಗೆ ಅದೇ ಮಾತು. ಅವನು ಆರಿಸಿದ್ದು ಮಗುವಿನ ಅಂಗಿಯ ಗುಂಡಿ.

"ಆ ಸಂಜೆ ಅದೇ ದಿಕ್ಕಲ್ಲಿ ಚಂದ್ರ ಇದ್ದ" ಅಂದರು ಮೇಲಧಿಕಾರಿ. "ಚಂದ್ರನೂ ಆ ಗುಂಡಿ ಹಿಂದೇನೇ ಅಡಗ್ತಾನೆ. ಗಾಡಿ ಹೋದ್ರೆ ಚಂದ್ರನೂ ಜೊತೇಲಿ ಬಂದ ಹಾಗೆ ಕಾಣುತ್ತೆ. ಚಂದ್ರ ಅಂತ ಬರೆದು ಮುಗಿಸಿ."

ಗುಮಾಸ್ತರು ಕೆಳಗಿಳಿದು ಬಂದು ಕೂತರು. "ಅವ್ರು ಹೇಳೋದು ಸರಿ ಇದ್ರೂ ಇರಬಹುದು ಅಕ್ಕಾ. ಅವತ್ತು ನನಗೆ ಚಂದ್ರ ಹೊಳೀಲೇ ಇಲ್ಲ."

"ಹಾಗಾದ್ರೆ ಆ ಬಡಪಾಯಿ ಚಂದ್ರನ್ನ ನೋಡಿ ಮೋರಿಗೆ ಬಿದ್ದೋನು ಅಂತ ಸರ್ಕಾರಾನೇ ಅಚ್ಚು ಹಾಕುತ್ತಾ?"

"ನಿಜ ಇದ್ರೆ ಹಾಕಬೇಕು. ಆದ್ರೆ ಅವನನ್ನ ಕೇಳದೆ ಬದಲಾಯಿಸಲ್ಲ."

ಗಾಡಿಯವನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗಲಿಲ್ಲ. ಹಾಗಾಗಿ ವಿಚಾರಣೆ ಆಕೆಯ ಯಂತ್ರದ ಪಕ್ಕದಲ್ಲೇ ನಡೆಯಿತು. ಕೂದಲು ಪೂರ್ತಿ ಬೆಳ್ಳಗಾಗಿದ್ದ ಆತ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಕೂರುವ ಮುಂಚೆಯೇ ಕೇಳಿದ, "ಕುಡುಕ ಅಂತ ಬರೀತೀರಾ ಸ್ವಾಮಿ?"

"ಇಲ್ಲಪ್ಪ. ಚಂದ್ರ ಇರಬಹುದು ಅಂತ."

"ಅಂದ್ರೆ ಪೆದ್ದ ಅಂತ."

ಗುಮಾಸ್ತರು ಪದ್ಧತಿಯಂತೆ ಗೋಡೆಗೆ ಮುಖ ಮಾಡಿ ಕೂತರು. "ಡಬ್ಬದಿಂದ ಗುಂಡಿ ಆರಿಸ್ಕೊಳ್ಳಿ. ಕೈ ಪೂರ್ತಿ ಚಾಚಿ ಹಿಡೀರಿ."

ಆತ ಅದೇ ಚಿಕ್ಕ ಗುಂಡಿಯನ್ನು ಹುಡುಕಿ ತೆಗೆದ. "ಹಿಡಿದಿದೀನಿ. ಪೂರ್ತಿ ಅಂದ್ರೆ ಎಲ್ಲಿಂದ ಚಾಚಲಿ? ಈ ಕೈ ಇರೋದೇ ಇಷ್ಟು."

ಗುಮಾಸ್ತರ ಪೆನ್ನು ನಿಂತಿತು. ಅವರು ತಿರುಗಿದರು. ಗಾಡಿಯವನ ಬಲಗೈ ಮೊಣಕೈಯಲ್ಲಿ ಮಡಚಿಕೊಂಡು, ಗುಂಡಿ ಮೂಗಿನಿಂದ ಗೇಣು ದೂರದಲ್ಲಿತ್ತು.

"ಕೈಗೆ ಏನಾಯ್ತು?"

"ಚಿಕ್ಕೋನಿದ್ದಾಗ ಕ್ಯಾನು ಬಿದ್ದು ಮುರೀತು. ನೆಟ್ಟಗೆ ಕೂಡಲೇ ಇಲ್ಲ."

"ಅವತ್ತು ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಿದ್ದೆ. ನೀವು ಆ ಕಡೆ ತಿರುಗಿ ಕೂತಿದ್ರಿ. ನನ್ನ ಮುಖ ನೋಡೋಕೂ ಇಷ್ಟ ಇಲ್ವೇನೋ ಅಂತ ಸುಮ್ಮನಾದೆ."

ಗುಮಾಸ್ತರು ತಮ್ಮ ಕೈ ಚಾಚಿ ಒಂದು ಸಲ, ಗೇಣು ದೂರಕ್ಕೆ ತಂದು ಒಂದು ಸಲ ಅದೇ ಗುಂಡಿಯನ್ನು ಗಡಿಯಾರದ ಮೇಲಿಟ್ಟು ನೋಡಿದರು. ದೂರದಲ್ಲಿ ಅಂಕಿಯೊಂದನ್ನು ಮುಚ್ಚುತ್ತಿದ್ದ ಗುಂಡಿ ಹತ್ತಿರ ತಂದರೆ ಗಡಿಯಾರದ ಅರ್ಧ ಮುಖವನ್ನೇ ನುಂಗುತ್ತಿತ್ತು.

"ಅಷ್ಟು ದೊಡ್ಡ ಚಂದ್ರ ಇಲ್ಲ" ಅಂದರು ಕೊನೆಗೆ.

"ಹಾಗಾದ್ರೆ ಅದೇನು ಸ್ವಾಮಿ?"

"ಗೊತ್ತಾಗಿಲ್ಲ."

ಗಾಡಿಯವನು ಮುಖ ಒರೆಸಿಕೊಂಡ. "ಹಾಗೇ ಬರೀರಿ. ನನಗೂ ಅಷ್ಟೇ ಗೊತ್ತಿರೋದು."

ಆ ಕಡತದ ಚಿಕ್ಕ ಗುಂಡಿ ಬಿಚ್ಚಿ, ಕೈ ಪೂರ್ತಿ ಚಾಚಿ ಹಿಡಿದರೂ ಅಷ್ಟೇ ಮುಚ್ಚುವ ಕೋಟಿನ ಗುಂಡಿಯನ್ನು ಆಕೆ ಹೊಲಿದಳು. ಹಳೆಯ ತೂತುಗಳು ಅದರ ಅಡಿಯಲ್ಲಿ ಮುಚ್ಚಿಹೋದವು. ಗುಮಾಸ್ತರು ಅಷ್ಟಕ್ಕೇ ಬಿಡಲಿಲ್ಲ. ಬೇರೆ ಯಾರ ಕೈಯನ್ನೂ ತಾವು ನೋಡಿರಲಿಲ್ಲವಲ್ಲ. ತಮ್ಮ ಕಾಲದ ಪ್ರತಿ ಕಡತದ ಮೊದಲ ಹಾಳೆಯ ಮೇಲೆ, 'ಅಳತೆ ಹೇಳುವಾಗ ಸಾಕ್ಷಿಯ ಕೈಯನ್ನು ನಾನು ನೋಡಿಲ್ಲ' ಎಂದು ಬರೆದು ಸಹಿ ಹಾಕಿದರು. ಶುಕ್ರ, ಬಲೂನು ಎಂದು ಖುಷಿಯಿಂದ ಮುಗಿಸಿದವಕ್ಕೂ. ಮೇಲಧಿಕಾರಿ ಕೂಗಾಡಿದ್ದು ಮೆಟ್ಟಿಲ ಕೆಳಗಿನವರೆಗೂ ಕೇಳಿಸಿತು.

ಕಡತಗಳನ್ನು ತೆರೆದಿಟ್ಟ ವಾರ ಜನ ಮುಗಿಬಿದ್ದರು, ಆಮೇಲೆ ಮರೆತರು. ಗಾಡಿಯವನು ಮಗಳನ್ನು ಕರೆತಂದು ತನ್ನ ಕಡತ ಓದಿಸಿದ. ಅವಳು ಓದುವಷ್ಟು ಹೊತ್ತೂ ಆತ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದನಂತೆ. ನಿವೃತ್ತಿಯಾಗುವ ದಿನ ಗುಮಾಸ್ತರು ತಮ್ಮ ಗುಂಡಿಗಳ ಡಬ್ಬವನ್ನು ಆಕೆಗೆ ಕೊಟ್ಟು ಹೋದರು.

ಬಹಳ ಕಾಲದ ನಂತರ ಒಂದು ಮಧ್ಯಾಹ್ನ ಮತ್ತೆ ಬಂದರು. ಹೆಂಡತಿ ತೀರಿಹೋಗಿದ್ದಳು, ಕೋಟು ಅದೇ. ಆಕೆಗೂ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲುತ್ತಿರಲಿಲ್ಲ.

"ಡಬ್ಬ ಇದೆಯಾ ಅಕ್ಕಾ?"

"ಇದೆ. ಯಾಕೆ, ಸರ್ಕಸ್ಸು ಮತ್ತೆ ಬಂತಾ?"

ಈ ಸಲ ನಕ್ಕರು. ಹಿಂದಿನ ಸಂಜೆ ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಏನೋ ಕಂಡಿತಂತೆ. ಏನೆಂದು ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಮೇಲಿನ ಕಚೇರಿಗೆ ಹೋಗಿ ಎಲ್ಲರಂತೆ ಹೇಳಿಕೆ ಕೊಡಬೇಕು, ಅದಕ್ಕೆ ಮೊದಲು ಅಳತೆ ಗಟ್ಟಿ ಮಾಡಿಕೊಳ್ಳಬೇಕು ಅಂದರು. ತಡಕಾಡಿ ಒಂದು ಗುಂಡಿ ತೆಗೆದು, ಬಾಗಿಲ ಬೆಳಕಿಗೆ ಹೋಗಿ ನಿಂತು, ಕೈ ಚಾಚಿದರು. ಆಕೆ ಅವರ ಹಳೆಯ ಪದ್ಧತಿಯಂತೆ ಗೋಡೆಯ ಕಡೆ ತಿರುಗಿಕೊಂಡಳು.

"ಬೇಡ ಅಕ್ಕಾ, ಈ ಕಡೆ ತಿರುಗಿ" ಅಂದರು ಅವರು. "ನೋಡಿ ಹೇಳಿ. ನನ್ನ ಕೈ ನೆಟ್ಟಗಿದೆಯಾ?"